ಛತ್ರದ ಅನ್ನ ಹೊರಡಬೇಕಾದ ಹೊತ್ತು

"ಛತ್ರದಲ್ಲಿ ಇನ್ನೂರು ಜನರ ಊಟ ಉಳಿದಿದೆ, ಬಂದು ತಗೊಂಡು ಹೋಗ್ತೀರಾ?" ಎಂಬ ಫೋನು, ಮಿಕ್ಕ ಊಟವನ್ನು ಹಸಿದವರಿಗೆ ಮುಟ್ಟಿಸುವ ನಮ್ಮಂಥವರಿಗೆ ಬರುವುದು ಹೆಚ್ಚಾಗಿ ಮಧ್ಯಾಹ್ನ ಮೂರೂವರೆಗೆ, ಇಲ್ಲವೇ ರಾತ್ರಿ ಹನ್ನೊಂದಕ್ಕೆ. ಎರಡೂ ತಡವೇ. ಮುಹೂರ್ತದ ಊಟದ ಅನ್ನ ಹನ್ನೊಂದೂವರೆಗೆಲ್ಲ ಒಲೆಯಿಂದ ಇಳಿದಿರುತ್ತದೆ. ಮೂರೂವರೆಗೆ ಅದಕ್ಕೆ ನಾಲ್ಕು ಗಂಟೆ ವಯಸ್ಸು. ಇನ್ನು ಗಾಡಿ ಕಳಿಸಿ, ತುಂಬಿಸಿ, ಟ್ರಾಫಿಕ್ ದಾಟಿ ಯಾರ ತಟ್ಟೆಗೆ ಬಡಿಸುವುದು?

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಗರದ 531 ಕಲ್ಯಾಣ ಮಂಟಪಗಳ ಲೆಕ್ಕವಿತ್ತು: ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಹಾಳು. ಅಂಕಿ ನೋಡಿ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಅದೆಲ್ಲವನ್ನೂ ಹಸಿದವರಿಗೆ ಮುಟ್ಟಿಸಬಹುದಿತ್ತು ಅಂದುಕೊಳ್ಳಬೇಡಿ. ಎಲೆಯಲ್ಲಿ ಬಿಟ್ಟದ್ದು ಬಿಟ್ಟ ಹಾಗೆಯೇ. ಪಂಕ್ತಿಗೆ ಹೋಗಿ ಬಂದ ಬಡಿಸುವ ಬಕೆಟ್ಟಿನದೂ ಬೇಡ. ಅದರೊಳಗೆ ಹತ್ತು ಕೈ, ಹತ್ತು ಸೌಟು ಆಡಿರುತ್ತವೆ. ನಾವು ಕೇಳುವುದು ಅಡುಗೆಮನೆಯ ಪಾತ್ರೆಯಲ್ಲೇ ಮುಚ್ಚಿಟ್ಟಿರುವುದನ್ನು ಮಾತ್ರ.

ಉಳಿಯುತ್ತದೋ ಇಲ್ಲವೋ ಎಂಬುದು ಮದುವೆ ಮನೆಯವರಿಗಿಂತ ಮೊದಲು ಅಡುಗೆ ಭಟ್ಟರಿಗೆ ಗೊತ್ತಾಗುತ್ತದೆ. ಎರಡನೇ ಪಂಕ್ತಿ ಏಳುವ ಹೊತ್ತಿಗೆ ಅವರು ಊಟದ ಹಾಲ್‌ನತ್ತ ಒಮ್ಮೆ ಕಣ್ಣು ಹಾಯಿಸಿ, ಒಳಗೆ ತೊಳೆದಿಟ್ಟ ಅಕ್ಕಿಯತ್ತ ಒಮ್ಮೆ ನೋಡುತ್ತಾರೆ. ಒಳ್ಳೆಯ ಭಟ್ಟರು ಅನ್ನವನ್ನು ಒಂದೊಂದೇ ಕೊಪ್ಪರಿಗೆ ಮಾಡುತ್ತಾ ಹೋಗುತ್ತಾರೆ, ಬೇಡವಾದರೆ ಅಕ್ಕಿ ಅಕ್ಕಿಯಾಗಿಯೇ ಉಳಿಯುತ್ತದೆ. ಹುಳಿ, ಪಲ್ಯ, ಪಾಯಸ ಹಾಗಲ್ಲ, ಬೆಳಗ್ಗೆಯೇ ಒಟ್ಟಿಗೆ ಆಗಿಬಿಟ್ಟಿರುತ್ತವೆ. ಹಾಗಾಗಿ ಮದುವೆ ಮನೆಯವರ ನಂಬರ್ ಇದ್ದರೆ ಸಾಲದು, ಭಟ್ಟರ ನಂಬರ್ ಬೇಕು. ಒಂದೂವರೆಗೇ ಅವರಿಗೆ ಫೋನ್ ಮಾಡಿ ಕೇಳಬೇಕಾದದ್ದು ನಾಲ್ಕೇ ಮಾತು: ಏನೇನು ಉಳಿಯಬಹುದು, ಎಷ್ಟು ಬೋಸಿ, ಕೊನೆಯ ಅನ್ನ ಇಳಿಸಿದ್ದು ಎಷ್ಟು ಗಂಟೆಗೆ, ಯಾವುದಕ್ಕೆ ತೆಂಗಿನಕಾಯಿ ಇಲ್ಲವೇ ಹಾಲು ಬಿದ್ದಿದೆ.

"ಎಷ್ಟು ಜನರಿಗೆ ಆಗುತ್ತೆ" ಅಂತ ಕೇಳಬೇಡಿ. ಆ ಉತ್ತರ ಯಾವಾಗಲೂ ಎರಡು ಪಟ್ಟು ಇರುತ್ತದೆ. ನಾವೇ ಲೆಕ್ಕ ಹಾಕಿಕೊಳ್ಳುವುದು ಹೀಗೆ: ಒಬ್ಬ ದುಡಿಯುವ ಮನುಷ್ಯನಿಗೆ 350 ಗ್ರಾಂ ಅನ್ನ, 200 ಮಿಲಿ ಹುಳಿ. 20 ಲೀಟರ್ ಬಕೆಟ್ಟಿನಲ್ಲಿ ಒತ್ತದೆ ತುಂಬಿದ ಅನ್ನ 14–15 ಕೆಜಿ ತೂಗುತ್ತದೆ, ಅಂದರೆ ಸುಮಾರು ನಲವತ್ತು ಊಟ. ಅದೇ ಬಕೆಟ್ಟಿನ ತುಂಬ ಹುಳಿ ಇದ್ದರೆ ನೂರು ಜನಕ್ಕೆ. ಒಂದು ಬಕೆಟ್ ಹುಳಿಗೆ ಎರಡೂವರೆ ಬಕೆಟ್ ಅನ್ನ ಬೇಕು ಅಂತ ನೆನಪಿಟ್ಟುಕೊಂಡರೆ, ಬರೀ ಅನ್ನ ಹೊತ್ತುಕೊಂಡು ಹೋಗಿ ನಿಲ್ಲುವ ಪಾಡು ತಪ್ಪುತ್ತದೆ.

ಇನ್ನು ತಾಪಮಾನ. ಕಡ್ಡಿಯಂಥ ಡಿಜಿಟಲ್ ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು. ಬಸಿದು ಬುಟ್ಟಿಯಲ್ಲಿ ರಾಶಿ ಹಾಕಿದ ಅನ್ನದ ನಡುವೆ ಚುಚ್ಚಿದರೆ 65 ಡಿಗ್ರಿ ತೋರಿಸುತ್ತದೆ. ನಾಲ್ಕು ಬೆರಳು ಅಂಚಿಗೆ ಸರಿಸಿದರೆ 42. ಒಂದೇ ರಾಶಿ! ಮೇಲೆ ಹೊದಿಸಿದ ಬಟ್ಟೆ ಒದ್ದೆಯಾಗಿ, ಹಬೆಯ ನೀರು ಅಂಚಿನ ಅನ್ನಕ್ಕೇ ಇಳಿಯುತ್ತಿರುತ್ತದೆ. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಹಾಗಾಗಿ ನಾವು ಲೆಕ್ಕಕ್ಕೆ ಹಿಡಿಯುವುದು ನಡುವಿನ ಅಂಕಿಯನ್ನಲ್ಲ, ಅಂಚಿನದನ್ನು. 60ಕ್ಕಿಂತ ಮೇಲೆ ಕಾಯ್ದುಕೊಂಡಿದ್ದರೆ ಸರಿ. ಕೆಳಗೆ ಇಳಿದಿದ್ದರೆ, ಇಳಿದ ಹೊತ್ತಿನಿಂದ ನಾಲ್ಕು ಗಂಟೆಯೊಳಗೆ ಜನ ಉಂಡು ಮುಗಿಸಿರಬೇಕು. ಅದು ಯಾವಾಗ ಇಳಿಯಿತೆಂದು ಯಾರೂ ಹೇಳಲಾರದಿದ್ದರೆ, ಒಲೆಯಿಂದ ತೆಗೆದ ಹೊತ್ತನ್ನೇ ಹಿಡಿಯಿರಿ.

"ಮೂಸಿ ನೋಡಿದ್ವಿ, ಚೆನ್ನಾಗಿದೆ" ಎಂಬ ಮಾತನ್ನು ಅನ್ನದ ವಿಷಯದಲ್ಲಿ ಒಪ್ಪಬಾರದು. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಬೇಯಿಸಿದರೂ ಸಾಯುವುದಿಲ್ಲ, ಅದು ಉಗುಳುವ ವಾಂತಿ ತರಿಸುವ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ವಾಸನೆಯೂ ಬರುವುದಿಲ್ಲ, ರುಚಿಯೂ ಕೆಡುವುದಿಲ್ಲ. ಅನ್ನವನ್ನು ಮತ್ತೆ ಬಿಸಿ ಮಾಡಿ ಕೊಟ್ಟರಾಯಿತು ಎನ್ನುವುದು ಇದೇ ಕಾರಣಕ್ಕೆ ತಪ್ಪು. ಹುಳಿ ಮಾತ್ರ ಕೆಟ್ಟರೆ ತಾನೇ ಹೇಳುತ್ತದೆ: ಪಾತ್ರೆಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು, ಸೌಟು ಆಡಿಸಿದರೆ ನೊರೆ, ಎತ್ತಿದರೆ ತೆಳ್ಳಗೆ ಲೋಳೆ ಎಳೆ. ಅಷ್ಟಾದ ಮೇಲೆ ಕುದಿಸಿ ಸರಿಮಾಡುವ ಪ್ರಯತ್ನ ಬೇಡ. ಹಾಗಂತ ಗುಳ್ಳೆ ಇಲ್ಲದ ಹುಳಿಗೂ ಗಡಿಯಾರದ ಲೆಕ್ಕ ತಪ್ಪದು.

ಕೋಸಂಬರಿ, ಮಜ್ಜಿಗೆಹುಳಿ, ಕಾಯಿ ಚಟ್ನಿ, ಕಾಯಿ ಒಬ್ಬಟ್ಟು, ಹಾಲಿನ ಪಾಯಸ, ಇವನ್ನು ಎರಡು ಗಂಟೆ ದಾಟಿದ್ದರೆ ನಾವು ಮುಟ್ಟುವುದಿಲ್ಲ. ಪುಳಿಯೋಗರೆ, ಚಿತ್ರಾನ್ನ ಹುಳಿ ಅಂಶ ಇರುವುದರಿಂದ ಸ್ವಲ್ಪ ತಾಳುತ್ತವೆ, ಆದರೂ ನಾಲ್ಕು ಗಂಟೆಯ ನಿಯಮ ಅವಕ್ಕೂ ಒಂದೇ. ಮೈಸೂರು ಪಾಕು, ಲಾಡು, ಹಾಲು ಹಾಕದ ಚಿರೋಟಿ, ಬಾಳೆಹಣ್ಣು, ಹೆಚ್ಚದ ತರಕಾರಿ ನಿಶ್ಚಿಂತೆಯಿಂದ ಮರುದಿನಕ್ಕೆ ಹೋಗಬಹುದು.

ರಾತ್ರಿ ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಬೆಳಗ್ಗೆ ಕೊಡಬಾರದೇ ಎಂದು ತುಂಬಾ ಜನ ಕೇಳುತ್ತಾರೆ. 15 ಕೆಜಿ ಅನ್ನದ ಬೋಸಿಯನ್ನು ಹಾಗೇ ಒಳಗಿಟ್ಟರೆ ಮೇಲೆ ತಣ್ಣಗಾಗುತ್ತದೆ, ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಎರಡು ಇಂಚು ದಪ್ಪಕ್ಕೆ ತಟ್ಟೆಗಳಲ್ಲಿ ಹರಡಿ ಬೇಗ ತಣಿಸಲು ಸಾಧ್ಯವಿದ್ದವರು ಮಾತ್ರ ಮಾಡಲಿ. ಛತ್ರದಲ್ಲಿ ಅಂಥ ಅನುಕೂಲ ಸಿಗುವುದು ಅಪರೂಪ.

ತುಂಬಿಸುವುದಕ್ಕೆ ಗ್ಯಾಸ್ಕೆಟ್ ಇರುವ ಸ್ಟೀಲ್ ಹಾಟ್ ಬಾಕ್ಸ್ ಒಳ್ಳೆಯದು. ತುಂಬುವ ಮೊದಲು ಹತ್ತು ನಿಮಿಷ ಕುದಿವ ನೀರು ಹಾಕಿಟ್ಟು ಚೆಲ್ಲಿ. ತಣ್ಣನೆಯ ಡಬ್ಬಿ ಅನ್ನದ ಬಿಸಿಯನ್ನೇ ಹೀರಿಬಿಡುತ್ತದೆ. ಹುಳಿ ಮುಕ್ಕಾಲು ಭಾಗ ಮಾತ್ರ, ಇಲ್ಲದಿದ್ದರೆ ಮೊದಲ ಹಂಪ್‌ನಲ್ಲೇ ಗಾಡಿ ತುಂಬ ಹುಳಿ. ತೊಳೆದ ಪೇಂಟ್ ಬಕೆಟ್ ಎಷ್ಟೇ ಗಟ್ಟಿಯಿದ್ದರೂ ಬೇಡ. ಒಂದು ಪಾತ್ರೆಯ ಅನ್ನದ ಮೇಲೆ ಇನ್ನೊಂದರದ್ದನ್ನು ಸುರಿಯಬೇಡಿ, ಒಂದು ಕೆಟ್ಟಿದ್ದರೆ ಎರಡೂ ಹೋಯಿತು. ಪ್ರತಿ ಡಬ್ಬಿಗೂ ಚೀಟಿ: ಏನು, ಎಲ್ಲಿಂದ, ಎಷ್ಟು ಗಂಟೆಗೆ ತಯಾರಾದದ್ದು, ಎಷ್ಟರೊಳಗೆ ಉಣ್ಣಬೇಕು, ಸಸ್ಯಾಹಾರವೋ ಮಾಂಸಾಹಾರವೋ. ಹೆಚ್ಚುವರಿ ಆಹಾರ ಹಂಚುವವರಿಗೆಂದೇ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2019ರಲ್ಲಿ ನಿಯಮ ಹೊರಡಿಸಿದೆ. ಗುಂಪು ಕಟ್ಟಿಕೊಂಡು ನಿಯಮಿತವಾಗಿ ಮಾಡುವವರು ಅದನ್ನು ಓದಿಕೊಂಡು, ನೋಂದಣಿ ಮಾಡಿಸಿ, ಕೊಟ್ಟದ್ದು ತೆಗೆದುಕೊಂಡದ್ದರ ಪುಸ್ತಕ ಇಡಬೇಕು.

ಎಲ್ಲಕ್ಕಿಂತ ಹೆಚ್ಚು ತಪ್ಪುವುದು ಹೋಗುವ ಜಾಗದ ವಿಷಯದಲ್ಲಿ. ಅನ್ನ ಗಾಡಿಗೆ ಹತ್ತಿಸಿದ ಮೇಲೆ "ಯಾರಿಗೆ ಕೊಡೋಣ" ಎಂದು ಯೋಚಿಸುವವರು ಕೊನೆಗೆ ಯಾವುದೋ ಸಿಗ್ನಲ್ಲಿನಲ್ಲಿ ನಿಂತು ಪೊಟ್ಟಣ ಹಂಚುತ್ತಾರೆ. ಉಂಡವರಿಗೇ ಮತ್ತೊಂದು ಸಿಗುತ್ತದೆ, ಹಸಿದವರು ಹಿಂದೆಯೇ ಉಳಿಯುತ್ತಾರೆ. ಮೊದಲು ಉಣ್ಣುವವರ ಪಟ್ಟಿ ಬೇಕು, ಹೊತ್ತಿನ ಸಮೇತ. ಮಧ್ಯಾಹ್ನದ ಊಟ ನಾಲ್ಕರ ಹೊತ್ತಿಗೆ ಮುಟ್ಟಬೇಕಾದರೆ ಕಟ್ಟಡ ಕೆಲಸದ ಶೆಡ್ಡುಗಳಲ್ಲಿ ಮಕ್ಕಳು, ಬಾಣಂತಿಯರು, ಅಜ್ಜಿಯರು ಇರುತ್ತಾರೆ. ಅವರ ಹತ್ತಿರ ಪಾತ್ರೆಯೂ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ಅದೇ ಶೆಡ್ಡಿಗೆ ಹೋದರೆ ದಣಿದು ಮಲಗಿದವರನ್ನು ಎಬ್ಬಿಸಿದಂತೆ. ಆ ಹೊತ್ತಿಗೆ ಎಚ್ಚರವಿರುವವರು ದೊಡ್ಡ ಸರ್ಕಾರಿ ಆಸ್ಪತ್ರೆಗಳ ಹೊರಗೆ ಚಾಪೆ ಹಾಸಿಕೊಂಡ ರೋಗಿಗಳ ಕಡೆಯವರು. ಅವರ ಹತ್ತಿರ ತಟ್ಟೆ ಇರುವುದಿಲ್ಲ, ಎಲೆ ತಟ್ಟೆ, ದೊನ್ನೆ, ಕುಡಿಯುವ ನೀರು ಜೊತೆಗೇ ಹೋಗಬೇಕು. ಮನೆಯವರಿಗೆ ಊಟ ಬಡಿಸುವ ಹಾಗೆ ಬಡಿಸಿ, ಸಾಕು ಎನ್ನುವವರೆಗೆ. ಕೈಯೊಡ್ಡಿದವರ ಫೋಟೋ ತೆಗೆಯಬೇಡಿ.

ಪ್ರತಿ ಜಾಗದಲ್ಲೂ ಒಬ್ಬ ಗೊತ್ತಿನ ವ್ಯಕ್ತಿ ಇರಲಿ, ಮೇಸ್ತ್ರಿಯೋ ರಾತ್ರಿ ತಂಗುದಾಣದ ಮೇಲ್ವಿಚಾರಕರೋ. ಗಾಡಿ ಹೊರಡುವ ಮುಂಚೆ ಅವರನ್ನು ಕೇಳಿ: ಎಷ್ಟು ಜನ ಇದ್ದೀರಿ, ಒಲೆ ಹಚ್ಚಿಬಿಟ್ಟಿರಾ? "ಬಂದರೂ ಬರಬಹುದು" ಎಂದು ಮಾತ್ರ ಹೇಳಿ, ಮಾತು ಕೊಡಬೇಡಿ. ನಮ್ಮನ್ನು ನಂಬಿ ಒಲೆ ಹಚ್ಚದೆ ಕೂತ ಮನೆಗೆ ಊಟ ಹೋಗದಿದ್ದರೆ, ಆ ಹಸಿವು ನಾವು ತಂದದ್ದು. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆಗಳೇ ನಿಂತುಹೋಗುತ್ತವೆ. ಆ ತಿಂಗಳುಗಳಲ್ಲಿ ಛತ್ರ ನಂಬಿದರೆ ಆಗದು, ದಿನಸಿ ತಂದು ಅಡುಗೆ ಮಾಡಿಸುವ ಏರ್ಪಾಡು ಬೇರೆ ಇರಬೇಕು.

ಬಡಿಸಿ ಮಿಕ್ಕಿದ್ದನ್ನು ವಾಪಸು ತರುವುದಿಲ್ಲ, ಬೀದಿಯ ಹಸುವಿಗೂ ಹಾಕುವುದಿಲ್ಲ. ಬುಟ್ಟಿಗಟ್ಟಲೆ ಅನ್ನ ತಿಂದ ಹಸುವಿನ ಹೊಟ್ಟೆಯಲ್ಲಿ ಆಮ್ಲ ಏರಿ, ಜೀವಕ್ಕೇ ಅಪಾಯವಾಗಬಹುದು. ಕಾಂಪೋಸ್ಟ್ ಗುಂಡಿಯೇ ಅದಕ್ಕೆ ಜಾಗ.

ಡಬ್ಬಿಗಳನ್ನು ಅದೇ ರಾತ್ರಿ ತೊಳೆದುಬಿಡಿ. ಮುಚ್ಚಳದ ರಬ್ಬರ್ ಬಳೆಯನ್ನು ಕಿತ್ತು, ಅದು ಕೂರುವ ಸಂದಿಯೊಳಗೆ ಹಳೇ ಹಲ್ಲುಜ್ಜುವ ಬ್ರಷ್ ಆಡಿಸಿ, ಬಿಸಿನೀರು ಹಾಕಿ, ಮಗುಚಿ ಒಣಗಿಸಿ. ಹುಳಿಯ ಬೇಳೆ ಕೂತು ಹುಳಿಯುವುದು ಅಲ್ಲೇ.