ಲೋವರಿಂಗ್ ಸ್ಪ್ರಿಂಗ್ ಹಾಕಿದ ಮೇಲೆ ಗಾಡಿ ಒಂದು ಕಡೆ ವಾಲಿದರೆ

ಕಾರಿನ ಎತ್ತರ ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಹಾಕಿಸಿ ಮನೆ ಮುಂದೆ ನಿಲ್ಲಿಸಿದ ಗಾಡಿಯನ್ನು ಹಿಂದಿನಿಂದ ನೋಡುತ್ತೀರಿ, ಎಡಗಡೆ ಕುಸಿದಂತೆ ಕಾಣುತ್ತದೆ. ತಕ್ಷಣ ಬರುವ ಮಾತು ‘ಸ್ಪ್ರಿಂಗ್ ಖರಾಬ್ ಐತಿ, ವಾಪಸ್ ಕಳಸು’. ಸ್ವಲ್ಪ ತಡೆಯಿರಿ. ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ರಸ್ತೆ ಗಟಾರದ ಕಡೆಗೆ ಇಳಿದಿರುತ್ತದೆ. ನೂರಕ್ಕೆ ಎರಡರಷ್ಟು ಇಳಿಜಾರಿದ್ದರೂ ಒಂದೂವರೆ ಮೀಟರ್ ಅಗಲಕ್ಕೆ 30 ಮಿ.ಮೀ. ತಗ್ಗು. ಕಣ್ಣಿಗೆ ಕಂಡ ವಾಲಿಕೆಯನ್ನು ನಂಬಿ ಕೆಲಸ ಶುರು ಮಾಡಬಾರದು.

ಅಳತೆಗೆ ಸಮತಟ್ಟಾದ ನೆಲ ಬೇಕು. ನೆಲ ಸಮ ಇದೆಯೋ ಇಲ್ಲವೋ ನೋಡಲು ಗೌಂಡಿಗಳು ಬಳಸುವ ನೀರಿನ ಲೆವೆಲ್ ಪೈಪಿಗಿಂತ ಒಳ್ಳೆಯ ಸಾಧನವಿಲ್ಲ. ನಾಲ್ಕು ಗಾಲಿ ನಿಲ್ಲುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ತಗ್ಗಿರುವ ಕಡೆ ಫರಸಿ ತುಂಡನ್ನೋ ಪ್ಲೈವುಡ್ ಚೂರನ್ನೋ ಇಟ್ಟು 2 ಮಿ.ಮೀ. ಒಳಗೆ ತನ್ನಿ. ಟೈರ್ ಗಾಳಿ ಡ್ರೈವರ್ ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟೇ ಇರಲಿ, ಎಡ-ಬಲ ಒಂದೇ ಸಮ. ಡಿಕ್ಕಿ ಖಾಲಿ ಮಾಡಿ.

ಜಾಕಿನಿಂದ ಇಳಿಸಿದ ಕೂಡಲೇ ಅಳೆದರೆ ತಪ್ಪು ಲೆಕ್ಕ ಸಿಗುತ್ತದೆ. ಗಾಲಿ ಜೋತಾಡುವಾಗ ಒಳಕ್ಕೆ ಬಂದಿರುತ್ತದೆ; ಇಳಿಸಿದಾಗ ಟೈರು ನೆಲ ಕಚ್ಚಿಕೊಂಡು ಹೊರಕ್ಕೆ ಸರಿಯುವುದಿಲ್ಲ, ಗಾಡಿ ಎತ್ತರದಲ್ಲೇ ನಿಲ್ಲುತ್ತದೆ. 3-4 ಮೀಟರ್ ಹಿಂದೆ ಮುಂದೆ ಉರುಳಿಸಿ, ಹ್ಯಾಂಡ್ ಬ್ರೇಕ್ ಬಿಟ್ಟು, ಪ್ರತಿ ಮೂಲೆಯನ್ನು ಮೂರು ಸಲ ಒತ್ತಿ ಬಿಡಿ. ಆಮೇಲೆ ಗಾಲಿಯ ನಟ್ಟನಡುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡ್ ಅಂಚಿನವರೆಗೆ ಸ್ಟೀಲ್ ಸ್ಕೇಲ್ ಹಿಡಿದು ಅಳೆಯಿರಿ. ನೆಲದಿಂದ ಅಳೆದರೆ ಟೈರ್ ಸವೆತವೂ ಲೆಕ್ಕದೊಳಗೆ ನುಸುಳುತ್ತದೆ. ಮತ್ತೆ ಉರುಳಿಸಿ ಮತ್ತೆ ಅಳೆಯಿರಿ. ಮೂರು ಸಲದ ಅಳತೆ 3 ಮಿ.ಮೀ. ಒಳಗೆ ಹೊಂದಿದರೆ ಮಾತ್ರ ಬರೆದುಕೊಳ್ಳಿ.

ಈಗ ನಾಲ್ಕು ಸಂಖ್ಯೆಗಳನ್ನು ಒಟ್ಟಿಗೆ ಓದಬೇಕು, ಈ ಕೆಲಸದ ಜೀವ ಇರುವುದು ಇಲ್ಲೇ. ಗಾಡಿಯ ಬಾಡಿ ಹೊರಸಿನ ಚೌಕಟ್ಟಿನ ಹಾಗೆ ಬಿಗಿ, ಅದು ಬಾಗುವುದಿಲ್ಲ. ಆದ್ದರಿಂದ ಸಮ ನೆಲದ ಮೇಲೆ ಎಡ-ಬಲದ ವ್ಯತ್ಯಾಸ ಮುಂದೆ ಎಷ್ಟೋ ಹಿಂದೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಮುಂದೆ ಎಡ 341, ಬಲ 353. ಹಿಂದೆ ಎಡ 338, ಬಲ 349 ಬಂದರೆ ಗಾಡಿ ನಿಜವಾಗಿ ಎಡಕ್ಕೆ ವಾಲಿದೆ. ಮುಂದೆ ಅದೇ 341 ಮತ್ತು 353 ಇದ್ದು, ಹಿಂದೆ ಎಡ 350, ಬಲ 344 ಬಂದರೆ? ಯಾವ ಸ್ಪ್ರಿಂಗೂ ಹಾಗೆ ಮಾಡಲಾರದು. ನೆಲ ಸಮವಿಲ್ಲ, ಟೈರುಗಳ ಎತ್ತರ ಬೇರೆಬೇರೆ, ಇಲ್ಲವೇ ಹಿಂದೆಂದೋ ಡೆಂಟಿಂಗ್ ಮಾಡಿದ ಮಡ್‌ಗಾರ್ಡ್ ಅಂಚೇ ಏರುಪೇರಾಗಿದೆ. ಬಾಗಿಲ ಕೆಳಗೆ ಜಾಕ್ ಕೊಡುವ ಅಂಚನ್ನು ನಾಲ್ಕು ಕಡೆ ನೆಲದಿಂದ ಅಳೆದರೆ ಮಡ್‌ಗಾರ್ಡಿನ ಸುಳ್ಳು ಹೊರಬೀಳುತ್ತದೆ. ಹೊಸ ಗಾಡಿಯಲ್ಲೂ ಎಡ-ಬಲಕ್ಕೆ ಕೆಲವು ಮಿ.ಮೀ. ವ್ಯತ್ಯಾಸ ಇರುತ್ತದೆ. ಹಳೆ ಸ್ಪ್ರಿಂಗ್ ಬಿಚ್ಚುವ ಮೊದಲೇ ಒಮ್ಮೆ ಅಳೆದಿಟ್ಟರೆ ಅರ್ಧ ತಲೆನೋವು ಕಡಿಮೆ.

ವಾಲಿಕೆ ನಿಜ ಎಂದು ಖಾತ್ರಿಯಾದರೆ ಮೊದಲ ಅನುಮಾನ ಬುಷ್‌ಗಳ ಮೇಲೆ. ಗಾಲಿಯನ್ನು ಕೆಳಗಿನಿಂದ ಬಾಡಿಗೆ ಜೋಡಿಸುವ ತೋಳು ಲೋವರ್ ಆರ್ಮ್; ಅದರ ಕೀಲಿನಲ್ಲಿರುವ ರಬ್ಬರ್ ಬುಷ್ ಬೇರಿಂಗಿನಂತೆ ತಿರುಗುವುದಿಲ್ಲ. ಒಳಗಿನ ಕಬ್ಬಿಣದ ನಳಿಕೆಯನ್ನು ಬೋಲ್ಟು ಕಚ್ಚಿ ಹಿಡಿದಿರುತ್ತದೆ, ಹೊರಗಿನದು ಆರ್ಮಿನಲ್ಲಿ ಬಿಗಿಯಾಗಿ ಕೂತಿರುತ್ತದೆ, ನಡುವಿನ ರಬ್ಬರು ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ಗಾಲಿ ಜೋತಾಡುವಾಗಲೇ ಬೋಲ್ಟು ಬಿಗಿದರೆ ಗಾಡಿ ಇಳಿದಾಗ ಆ ತಿರುಚು ಇನ್ನೊಂದು ಸ್ಪ್ರಿಂಗಿನಂತೆ ಬಾಡಿಯನ್ನು ಮೇಲಕ್ಕೆ ತಳ್ಳುತ್ತದೆ. ಒಂದು ಬದಿಯನ್ನು ಗಾಳಿಯಲ್ಲಿ, ಇನ್ನೊಂದನ್ನು ನೆಲದ ಮೇಲೆ ಬಿಗಿದಿದ್ದರೆ ವಾಲುವುದು ಖಂಡಿತ. ಮೇಲಾಗಿ ಬುಷ್ ಬೇಗ ಹರಿಯುತ್ತದೆ. ಪರಿಹಾರಕ್ಕೆ ದುಡ್ಡು ಬೇಡ. ಗುಂಡಿ ಇರುವ ಗ್ಯಾರೇಜಿನಲ್ಲಿ ನಾಲ್ಕೂ ಗಾಲಿ ನೆಲದ ಮೇಲಿರುವಾಗ ಎರಡೂ ಬದಿಯ ಆರ್ಮ್ ಬೋಲ್ಟುಗಳನ್ನೂ ಹಿಂದಿನ ಎರಡು ಗಾಲಿಗಳನ್ನು ಜೋಡಿಸುವ ಬೀಮಿನ ಬುಷ್ ಬೋಲ್ಟುಗಳನ್ನೂ ಒಂದು ಸುತ್ತು ಸಡಿಲಿಸಿ, ಗಾಡಿಯನ್ನು ಒತ್ತಿ ಬಿಟ್ಟು ಕೂರಿಸಿ, ಅಲ್ಲೇ ಟಾರ್ಕ್ ರೆಂಚಿನಿಂದ ಕಂಪನಿ ಹೇಳಿದಷ್ಟು ಬಿಗಿಯಿರಿ. ಸಡಿಲ ಬೋಲ್ಟಿನಲ್ಲಿ ರಸ್ತೆಗೆ ಇಳಿಯಲೇಬೇಡಿ.

ಇದರಿಂದ ಸರಿಹೋಗದಿದ್ದರೆ ಸ್ಪ್ರಿಂಗ್ ಕೂತ ರೀತಿ ನೋಡಿ. ಕೆಳಗಿನ ತಟ್ಟೆಯಲ್ಲಿ ಒಂದು ಮೆಟ್ಟಿಲು ಇರುತ್ತದೆ. ಸ್ಪ್ರಿಂಗಿನ ತುದಿ ಅದಕ್ಕೆ ತಾಗುವಷ್ಟು ಹತ್ತಿರ ಇರಬೇಕು, ಮೇಲೆ ಹತ್ತಿರಬಾರದು. ಹತ್ತಿದ್ದರೆ ಸ್ಪ್ರಿಂಗಿನ ಆ ತುದಿ ಹೆಚ್ಚುಕಡಿಮೆ ತಂತಿಯ ದಪ್ಪದಷ್ಟು ಮೇಲೆದ್ದು ಆ ಮೂಲೆಯನ್ನು ಎತ್ತಿಕೊಂಡಿರುತ್ತದೆ. ಸ್ಪ್ರಿಂಗಿನ ಮೇಲಿನ ಅಕ್ಷರಗಳು ನೇರವಾಗಿ ಓದಲು ಬರುತ್ತಿರಲಿ. ಕೆಲವು ಸೆಟ್ಟುಗಳಲ್ಲಿ ಎಡ-ಬಲಕ್ಕೆ ಪಾರ್ಟ್ ನಂಬರ್ ಬೇರೆ ಇರುತ್ತದೆ, ಅದನ್ನು ಚೀಟಿಯೊಂದಿಗೆ ಹೋಲಿಸಿ. ಸ್ವಿಫ್ಟ್, ಪೋಲೋ, ಐ20 ತರಹದ ಗಾಡಿಗಳ ಹಿಂದಿನ ಬೀಮಿನಲ್ಲಿ ಸ್ಪ್ರಿಂಗ್ ಕೂರುವ ಬಟ್ಟಲಿದೆಯಲ್ಲ, ಅಲ್ಲಿ ನಮ್ಮ ಎರೆ ಮಣ್ಣು ಸೇರಿ ಬೇಸಿಗೆಯಲ್ಲಿ ಇಟ್ಟಂಗಿಯಂತೆ ಗಟ್ಟಿಯಾಗುತ್ತದೆ. ಸ್ಕ್ರೂಡ್ರೈವರಿನಿಂದ ಕೆದಕಿದರೆ ರಬ್ಬರ್ ಪ್ಯಾಡಿನ ಕೆಳಗಿನಿಂದ ರೊಟ್ಟಿಯಂಥ ಹೆಕ್ಕಳೆ ಎದ್ದು ಬರುತ್ತದೆ. ಬಟ್ಟಲನ್ನು ತೊಳೆದು ಒರೆಸಿಯೇ ಪ್ಯಾಡ್ ಕೂರಿಸಬೇಕು. ಒಂದು ಬದಿಯ ಪ್ಯಾಡ್ ಹಳೆ ಸ್ಪ್ರಿಂಗಿಗೆ ಅಂಟಿಕೊಂಡು ಅದರ ಜೊತೆಗೇ ಗುಜರಿ ಸೇರಿಲ್ಲವಷ್ಟೇ ಎಂದೂ ನೋಡಿ.

ತಿರುವಿನಲ್ಲಿ ಗಾಡಿ ಹೆಚ್ಚು ವಾಲದಂತೆ ಎಡ-ಬಲದ ಗಾಲಿಗಳನ್ನು ಜೋಡಿಸುವ ಮುಂದಿನ ಸ್ಟೆಬಿಲೈಸರ್ ಬಾರನ್ನು ಪರೀಕ್ಷಿಸುವುದು ಸುಲಭ. ಒಂದು ಬದಿಯ ಲಿಂಕ್ ರಾಡ್ ಬಿಚ್ಚಿ ಮತ್ತೆ ಅಳೆಯಿರಿ. ವಾಲಿಕೆ ಹೋದರೆ ಬಾರು ಬಾಗಿದೆ ಅಥವಾ ಲಿಂಕುಗಳ ಉದ್ದ ಬೇರೆ. ಶಾಕ್ ಅಬ್ಸಾರ್ಬರ್ ಬದಲಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಭಾರ ಹೊರುವುದು ಸ್ಪ್ರಿಂಗ್.

ಕೊನೆಗೆ, ಎಡ-ಬಲದ ಪಾರ್ಟ್ ನಂಬರ್ ಒಂದೇ ಆಗಿದ್ದರೆ, ಮುಂದಿನ ಎರಡು ಸ್ಪ್ರಿಂಗುಗಳನ್ನು ಅದಲು ಬದಲು ಮಾಡಿ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರಿನ ಎರಡು ಕೊಕ್ಕೆ ಎದುರುಬದುರು ಇರಲಿ, ಕೈ ಪಾನಾದಿಂದಲೇ ತಿರುಗಿಸಿ. ವಾಲಿಕೆ ಬಲಕ್ಕೆ ಹೊರಳಿದರೆ ಆಗ ಹೇಳಿ ಸ್ಪ್ರಿಂಗಿನ ದೋಷವೆಂದು, ಸೆಟ್ ವಾಪಸ್ ಮಾಡಿ. ಎಡಕ್ಕೇ ಉಳಿದರೆ ಹಿಂದಿನವನ್ನೂ ಹಾಗೆಯೇ ಪರೀಕ್ಷಿಸಿ. ಅಲ್ಲೂ ಬದಲಾಗದಿದ್ದರೆ ದೋಷ ಬಾಡಿಯಲ್ಲಿದೆ. ಹಳೆ ಅಪಘಾತದ ಗುರುತು ಹುಡುಕಿ. ಎತ್ತರದ ಕಡೆಯ ಸ್ಪ್ರಿಂಗನ್ನು ಗ್ಯಾಸ್ ಕಟರಿನಿಂದ ಅರ್ಧ ಸುತ್ತು ಕತ್ತರಿಸುವ ಸಲಹೆ ಬಂದೇ ಬರುತ್ತದೆ. ದಯವಿಟ್ಟು ಮಾಡಿಸಬೇಡಿ. ಕಾದ ಉಕ್ಕು ಹದ ಕಳೆದುಕೊಳ್ಳುತ್ತದೆ, ಹಂಪಿನ ಮೇಲೆ ಮುರಿದರೆ ಟೈರಿಗೆ ಚುಚ್ಚುತ್ತದೆ.

ಉಳಿದ ವಾಲಿಕೆಗೆ ಸ್ಪೇಸರ್ ಪ್ಯಾಡ್ ಹಾಕಬಹುದು, ಆದರೆ ಲೆಕ್ಕ ಹಾಕಿ. ನಾಲ್ಕೂ ಸ್ಪ್ರಿಂಗ್ ಒಂದೇ ಗಡಸಿನವು ಎಂದುಕೊಂಡರೆ ಒಂದೇ ಮೂಲೆಗೆ 10 ಮಿ.ಮೀ. ಪ್ಯಾಡ್ ಕೊಟ್ಟಾಗ ಆ ಮೂಲೆ 7.5 ಏರುತ್ತದೆ, ಪಕ್ಕದ ಎರಡು 2.5 ಏರುತ್ತವೆ, ಕರ್ಣದ ಎದುರಿನದು 2.5 ಇಳಿಯುತ್ತದೆ. ಎಡ-ಬಲದ ವ್ಯತ್ಯಾಸ ತಗ್ಗುವುದು ಬರೀ 5 ಮಿ.ಮೀ.; ಸ್ಟೆಬಿಲೈಸರ್ ಬಾರ್ ಅದನ್ನೂ ಕಡಿಮೆ ಮಾಡುತ್ತದೆ. ಜೊತೆಗೆ ಒಂದು ಕರ್ಣದ ಮೇಲೆ ಭಾರ ಹೆಚ್ಚಿ ಬ್ರೇಕ್ ಹಾಕಿದಾಗ ಗಾಡಿ ಎಳೆಯಬಹುದು. ಅದಕ್ಕೇ ತಗ್ಗಿದ ಬದಿಯ ಮುಂದೆ ಹಿಂದೆ ಎರಡಕ್ಕೂ ಹಂಚಿ. ಖಾಲಿ ಗಾಡಿಯ ಬಲಬದಿ 4-5 ಮಿ.ಮೀ. ಎತ್ತರವಿದ್ದರೆ ಮುಟ್ಟಲೇಬೇಡಿ, ಡ್ರೈವರ್ ಸೀಟಿನ ಮೇಲೆ 50 ಕೆ.ಜಿ. ಸಿಮೆಂಟ್ ಚೀಲ ಇಟ್ಟು ಅಳೆದರೆ ಆ ಎತ್ತರದ ಬಹುಪಾಲು ಇಳಿದಿರುತ್ತದೆ.

ಪ್ಯಾಡ್ ಹಾಕಿದ ಮೇಲೆ ಆರ್ಮ್ ಬೋಲ್ಟುಗಳನ್ನು ಮತ್ತೊಮ್ಮೆ ನೆಲದ ಮೇಲೆ ಸಡಿಲಿಸಿ ಬಿಗಿಯಬೇಕು. 300 ಕಿ.ಮೀ. ಓಡಿಸಿ, ಹುಬ್ಬಳ್ಳಿಯಿಂದ ಹಾವೇರಿಗೆ ಎರಡು ಸಲ ಹೋಗಿ ಬಂದರೆ ಹತ್ತಿರಹತ್ತಿರ ಅಷ್ಟಾಗುತ್ತದೆ, ಮತ್ತೆ ಅಳೆಯಿರಿ. ಅಳತೆ ಬದಲಾಗದೆ ನಿಂತ ಮೇಲೆಯೇ ವೀಲ್ ಅಲೈನ್‌ಮೆಂಟ್ ಮಾಡಿಸಿ. ಎತ್ತರ ಬದಲಾದಾಗಲೆಲ್ಲ ಟೋ, ಅಂದರೆ ಗಾಲಿಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ, ಬದಲಾಗುತ್ತದೆ. ಹೆಡ್‌ಲೈಟಿನ ಬೆಳಕನ್ನೂ ಅವತ್ತೇ ಸರಿಮಾಡಿಸಿಕೊಳ್ಳಿ.