ಗಾಳಿಗೂ ಲೆಕ್ಕ ಇದೆಯಾ?

ನಾನು ವಾತಾವರಣದ ಗಣಿತ ಓದಿದವಳು. ಗೊತ್ತಾದ ಕೂಡಲೇ ಎಲ್ಲರದೂ ಒಂದೇ ಪ್ರಶ್ನೆ: "ಗಾಳಿಗೇನಮ್ಮ ಲೆಕ್ಕ? ನಾಳೆ ಮಳೆ ಬರುತ್ತಾ, ಅದನ್ನ ಹೇಳು." ನಾಳೆಯ ಮಳೆ ನಿಮ್ಮ ಫೋನಿನಲ್ಲೇ ಇದೆ, ನೋಡಿಕೊಳ್ಳಿ. ಲೆಕ್ಕದ ಉತ್ತರ ಮಾತ್ರ ಇಲ್ಲಿ ಬರೆದಿದ್ದೇನೆ. ಇನ್ನು ಬಾಯಲ್ಲಿ ಹೇಳುವುದಿಲ್ಲ.

ದಾವಣಗೆರೆಯಲ್ಲಿ ಒಂದು ಮದುವೆ ಊಟ. ಪಂಕ್ತಿಯಲ್ಲಿ ಪಕ್ಕಕ್ಕಿದ್ದ ದೊಡ್ಡಪ್ಪ "ಗಾಳಿ ಎಣಿಸೋಕೆ ಇಷ್ಟು ವರ್ಷ ಓದಿದ್ಯಾ?" ಎಂದರು. ಎಲ್ಲರೂ ನಕ್ಕರು. ನನಗೆ ಅನ್ನ ಇಳಿಯಲಿಲ್ಲ. ಮೆಕ್ಕೆಜೋಳ ಬಿತ್ತುವ ಮೊದಲು ಮುನ್ಸೂಚನೆ ನೋಡುವವರು ಅವರೇ. ಅದು ಹುಟ್ಟುವುದು ಇದೇ ಲೆಕ್ಕದಿಂದ.

ಮೇಲೆ ಹೋದಷ್ಟೂ ಗಾಳಿಯ ಒತ್ತಡ ಇಳಿಯುತ್ತದೆ; ಲೆಕ್ಕದಲ್ಲಿ ಎತ್ತರದ ಬದಲು ಈ ಒತ್ತಡ ಬಳಸಿದರೆ ಸಮೀಕರಣಗಳು ಸರಳವಾಗುತ್ತವೆ. ಸುಮಾರು ಐದೂವರೆ ಕಿಲೋಮೀಟರ್ ಮೇಲೆ ಒತ್ತಡ ಅರ್ಧಕ್ಕೆ ಇಳಿದಿರುತ್ತದೆ. ತೊಂದರೆ ಇರುವುದು ಬೆಟ್ಟದಲ್ಲಿ. ಒಂದೇ ಒತ್ತಡದ ಪದರ ಘಟ್ಟಕ್ಕೆ ಬಂದರೆ ನೆಲದೊಳಗೇ ನುಗ್ಗಿಬಿಡುತ್ತದೆ. 1957ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ನಾರ್ಮನ್ ಫಿಲಿಪ್ಸ್ ದಾರಿ ತೋರಿಸಿದರು: ಪ್ರತಿ ಜಾಗದ ಒತ್ತಡವನ್ನು ಅದರ ಕೆಳಗಿನ ನೆಲದ ಒತ್ತಡದಿಂದ ಭಾಗಿಸಿ. ಕಡಲಿರಲಿ, ಘಟ್ಟವಿರಲಿ, ನೆಲದಲ್ಲಿ ಉತ್ತರ ಯಾವಾಗಲೂ 1; ಹಾಗಾಗಿ ಕೆಳಗಿನ ಪದರ ನೆಲದೊಳಗೆ ನುಗ್ಗದೆ ಅದರ ಮೇಲೆಯೇ ಹಾಸಿಕೊಳ್ಳುತ್ತದೆ. ಎಷ್ಟು ಚೆಂದದ ಉಪಾಯ! ಘಟ್ಟದಲ್ಲಿ ಮಳೆ ಸುರಿದು ಚಳ್ಳಕೆರೆ ಒಣಗುವುದು ಲೆಕ್ಕದಲ್ಲಿ ಕಾಣಬೇಕಾದರೆ ಘಟ್ಟವೂ ಅದರೊಳಗೆ ಇರಬೇಕು, ಅಲ್ವಾ?

ನನಗೆ ಬೇಕಾದ ಪ್ರಶ್ನೆಯೇ ಬೇರೆ. ಜುಲೈನಲ್ಲಿ ಚಿತ್ರದುರ್ಗದ ಜೋಗಿಮಟ್ಟಿ ಹತ್ತಿ. ಕೆಳಗಿನ ಮೋಡ ಪಶ್ಚಿಮದಿಂದ ಓಡಿ ಬರುತ್ತವೆ. ಸಂದಿಯಲ್ಲಿ ಎಳೆ ಎಳೆಯಾದ ಎತ್ತರದ ಮೋಡ ಕಂಡರೆ ದಿಟ್ಟಿಸಿ ನೋಡಿ, ಅವು ಎದುರು ದಿಕ್ಕಿಗೆ ಹೋಗುತ್ತಿರುತ್ತವೆ. ಸುಮಾರು 15 ಕಿಲೋಮೀಟರ್ ಮೇಲಿನ ಈ ಪೂರ್ವದ ಜೆಟ್ ಗಾಳಿಯ (ಪೂರ್ವದಿಂದ ಬಲು ವೇಗವಾಗಿ ಬೀಸುವ ಗಾಳಿಯ ಹೊನಲು) ಬಗ್ಗೆ ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ಪ್ರಬಂಧ ಬರೆದರು. ಒಂದೇ ಆಕಾಶದಲ್ಲಿ ಎರಡು ದಿಕ್ಕು ಯಾಕೆ? ಇದನ್ನು ಕೇಳಿ!

ಮಳೆಗಾಲದಲ್ಲಿ ನಮಗಿಂತ ಉತ್ತರದ ಗಾಳಿ ಜಾಸ್ತಿ ಬಿಸಿ. ಬಿಸಿ ಗಾಳಿ ಮೇಲಕ್ಕೆ ಉಬ್ಬುತ್ತದೆ. ಹಾಗಾಗಿ ಉತ್ತರದಲ್ಲಿ ನೆಲದ ಹತ್ತಿರ ಒತ್ತಡ ಕಡಿಮೆ, ತೀರಾ ಮೇಲೆ ಜಾಸ್ತಿ. ಭೂಮಿ ತಿರುಗುವುದರಿಂದ ನಮ್ಮ ಕಡೆ ದೊಡ್ಡ ಗಾಳಿಗಳು ಹೆಚ್ಚು ಒತ್ತಡವನ್ನು ಬಲಕ್ಕಿಟ್ಟುಕೊಂಡು ಬೀಸುತ್ತವೆ. ಆದ್ದರಿಂದ ಕೆಳಗೆ ಪಶ್ಚಿಮದ ಗಾಳಿ, ಮೇಲೆ ಪೂರ್ವದ್ದು, ನಡುವೆ ಎಲ್ಲೋ ಸೊನ್ನೆ. ಲೆಕ್ಕದಲ್ಲಿ ನಾವು ಮೊದಲು ಬರೆಯುವುದು ಎತ್ತರದೊಂದಿಗೆ ಗಾಳಿ ಬದಲಾಗುವ ಈ ಆಕಾರವನ್ನೇ. ಹೆಚ್ಚು ತಿರುವುಗಳಿರುವ ಆಕಾರಗಳನ್ನು ಆಮೇಲೆ ಒಂದೊಂದಾಗಿ ಕೂಡಿಸುತ್ತೇವೆ.