ಹತ್ತು ವೋಲ್ಟ್ ಎಂದು ಹೇಳುವವರು ಯಾರು?

"ಮೂರನ್ನೂ ಕೂಡಿ ಸರಾಸರಿ ಬರ್ಕೊಳಮ್ಮ, ಮುಗೀತು" ಎಂಬ ಮಾತು ಈ ವಾರವಿಡೀ ನನ್ನನ್ನು ಬಿಟ್ಟಿಲ್ಲ. ತುಮಕೂರಿನ ಬಳಿಯ ನಮ್ಮ ಪಾಲಿಟೆಕ್ನಿಕ್‌ನಲ್ಲಿ ಮಂಗಳವಾರದ ಪ್ರಾಯೋಗಿಕ ತರಗತಿ ನಡೆಯುತ್ತಿತ್ತು. ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಇನ್ವರ್ಟರಿನ ಲೆಡ್ ಆಸಿಡ್ ಬ್ಯಾಟರಿಯೊಂದನ್ನು ಮೂರು ಮಲ್ಟಿಮೀಟರುಗಳಿಂದ ಅಳೆದು, 12.38, 12.49, 12.61 ವೋಲ್ಟ್ ಎಂದು ಒಂದರ ಕೆಳಗೊಂದು ಬರೆದುಕೊಂಡು ಬಂದು, "ಸರ್, ಇದರಲ್ಲಿ ಯಾವ ಮೀಟರ್ ನಿಜ ಹೇಳ್ತಿದೆ?" ಎಂದು ಕೇಳಿದಳು. ನಾನು ಉತ್ತರಿಸುವ ಮೊದಲೇ ಪಕ್ಕದ ಮೇಜಿನ ಬಳಿಯಿದ್ದ ಹಿರಿಯ ಸಹೋದ್ಯೋಗಿ ಸರಾಸರಿಯ ಮಾತು ಹೇಳಿಬಿಟ್ಟರು. ಅವಳು 12.49 ಎಂದು ಬರೆದುಕೊಂಡಳು. ಆದರೆ ಬರೆಯುವ ಮುನ್ನ ಪೆನ್ನು ಹಾಳೆಯ ಮೇಲೆ ಒಂದಿಷ್ಟು ಹೊತ್ತು ನಿಂತೇ ಇತ್ತು; ಅವಳಿಗೆ ಆ ಉತ್ತರ ಒಪ್ಪಿಗೆಯಾಗಿರಲಿಲ್ಲ.

ಆ ಸಹೋದ್ಯೋಗಿಯ ಬಗ್ಗೆ ನನಗೆ ಗೌರವವಿದೆ. ಕೆಟ್ಟುಹೋದ ಪವರ್ ಸಪ್ಲೈಯನ್ನು ಮೂಸಿ ನೋಡಿಯೇ ಯಾವ ಭಾಗ ಸುಟ್ಟಿದೆ ಎಂದು ಹೇಳಬಲ್ಲವರು ಅವರು. ಆದರೂ ಅಳತೆಯನ್ನು ರೆಕಾರ್ಡ್ ಪುಸ್ತಕ ತುಂಬಿಸುವ ಕೆಲಸವೆಂದು ಅವರು ಕಂಡುಕೊಂಡಿದ್ದಾರೆ, ಮತ್ತು ಆ ನೋಟವನ್ನೇ ಮಕ್ಕಳಿಗೂ ದಾಟಿಸುತ್ತಾರೆ ಎಂಬುದು ನನ್ನ ಬಹುದಿನಗಳ ಬೇಸರ. ಸರಾಸರಿ ಸುಳ್ಳು ವಿಧಾನವಲ್ಲ. ಒಂದೇ ಮೀಟರು ಅತ್ತಿತ್ತ ಓಲಾಡುತ್ತಿದ್ದರೆ, ಆ ಓಲಾಟ ಎರಡೂ ದಿಕ್ಕಿಗೆ ಸಮನಾಗಿದ್ದರೆ, ಹಲವು ಓದುಗಳ ಸರಾಸರಿ ನಮ್ಮನ್ನು ನಿಜದ ಹತ್ತಿರ ಒಯ್ಯುತ್ತದೆ. ಮೂರು ಮೀಟರುಗಳು ತಮ್ಮ ತಮ್ಮ ಸ್ಥಿರವಾದ ತಪ್ಪನ್ನು ಇಟ್ಟುಕೊಂಡು ಕುಳಿತಿರುವಾಗ ಅವುಗಳ ಸರಾಸರಿ ಮೂರು ತಪ್ಪುಗಳ ಮಿಶ್ರಣವಷ್ಟೇ ಆಗುತ್ತದೆ.

ಆ ಮೂರು ಸಂಖ್ಯೆಗಳನ್ನೇ ಸ್ವಲ್ಪ ಗಮನಿಸಿ. ನಮ್ಮ ಪ್ರಯೋಗಾಲಯದ ಅಗ್ಗದ ಮೂರೂವರೆ ಅಂಕಿಯ (ಪರದೆಯ ಮೇಲೆ 1999ರವರೆಗೆ ತೋರಿಸುವ) ಮೀಟರುಗಳು ಡಿಸಿ ವೋಲ್ಟೇಜಿನಲ್ಲಿ ಓದಿನ ಶೇ 0.5ರಷ್ಟು ಮತ್ತು ಕೊನೆಯ ಅಂಕಿಯಲ್ಲಿ 2ರಷ್ಟು ತಪ್ಪಬಹುದೆಂದು ಅವುಗಳ ಕೈಪಿಡಿಯೇ ಹೇಳುತ್ತದೆ. ಕೊನೆಯ ಅಂಕಿ 0.01 ವೋಲ್ಟ್ ಆಗಿರುವ 20 ವೋಲ್ಟ್ ರೇಂಜಿನಲ್ಲಿ ಹನ್ನೆರಡೂವರೆ ವೋಲ್ಟಿನ ಸುತ್ತಮುತ್ತ ಇದು ಆಚೆಗೆ 0.08, ಈಚೆಗೆ 0.08 ವೋಲ್ಟ್ ಆಗುತ್ತದೆ. ಅಂದರೆ ಸರಿಯಿರುವ ಎರಡು ಮೀಟರುಗಳ ನಡುವೆ ಹೆಚ್ಚೆಂದರೆ 0.16 ವೋಲ್ಟ್ ಅಂತರ ಬರಬಹುದು. ನಮ್ಮಲ್ಲಿ 12.38ಕ್ಕೂ 12.61ಕ್ಕೂ ನಡುವೆ 0.23 ಇತ್ತು. ಕನಿಷ್ಠ ಒಂದು ಮೀಟರಾದರೂ ತನ್ನ ಮಿತಿಯನ್ನು ದಾಟಿದೆ ಎಂದು ಈ ಲೆಕ್ಕವೇ ಹೇಳುತ್ತದೆ. ಯಾವುದು ಎಂದು ಮಾತ್ರ ಹೇಳುವುದಿಲ್ಲ. ಈ ಅಂತರ ಕ್ಷುಲ್ಲಕವೂ ಅಲ್ಲ. ವಿಶ್ರಾಂತ ಸ್ಥಿತಿಯ ಲೆಡ್ ಆಸಿಡ್ ಬ್ಯಾಟರಿ 12.6 ತೋರಿಸಿದರೆ ಹೆಚ್ಚುಕಡಿಮೆ ತುಂಬಿದೆ ಎಂದರ್ಥ, 12.4ಕ್ಕಿಂತ ಕೆಳಗೆ ಇಳಿದಿದ್ದರೆ ಅದನ್ನು ಚಾರ್ಜಿಗೆ ಹಾಕಬೇಕು.

ಕಳೆದ ಕೆಲವು ತಿಂಗಳುಗಳಿಂದ ನಾನು ಕಡಿಮೆ ಬೆಲೆಯ, ಆದರೆ ನಂಬಬಹುದಾದ ಒಂದು ವೋಲ್ಟೇಜ್ ರೆಫರೆನ್ಸನ್ನು, ಅಂದರೆ ಮೀಟರುಗಳನ್ನು ಹೋಲಿಸಿ ನೋಡಲು ಗೊತ್ತಿರುವ ಒಂದೇ ವೋಲ್ಟೇಜ್ ಕೊಡುವ ಸಾಧನವನ್ನು, ಹುಡುಕುತ್ತಿದ್ದುದು ಈ ಕಾರಣಕ್ಕಾಗಿಯೇ. ಹೊಸ ಟಾರ್ಚ್ ಸೆಲ್ಲು 1.5 ವೋಲ್ಟ್ ಅಲ್ಲವೇ ಎಂದು ಕೇಳಿದವರಿದ್ದಾರೆ. ಹೊಸ ಆಲ್ಕಲೈನ್ ಸೆಲ್ಲು 1.6ರ ಆಸುಪಾಸಿನಲ್ಲಿ ಎಲ್ಲಿ ಬೇಕಾದರೂ ನಿಲ್ಲುತ್ತದೆ. 5 ವೋಲ್ಟ್ ಕೊಡುವ 7805 ಐಸಿ (ಚಿಪ್) ಇದೆಯಲ್ಲ ಎಂದವರಿದ್ದಾರೆ. ತಯಾರಕರ ವಿವರಪತ್ರವಾದ ಅದರ ಡೇಟಾಶೀಟು 4.8ರಿಂದ 5.2ರವರೆಗೆ ಯಾವುದಾದರೂ ಸರಿ ಎನ್ನುತ್ತದೆ. ಹಳೆಯ ಕಂಪ್ಯೂಟರ್ ಪವರ್ ಸಪ್ಲೈಗಳಲ್ಲಿ ಸಿಗುವ ಟಿಎಲ್431 ಎಂಬ ರೆಫರೆನ್ಸ್ ಐಸಿಯ ಒಳ್ಳೆಯ ದರ್ಜೆಯೂ ಶೇ 0.5ರಷ್ಟೇ ನಿಖರ, ಅಂದರೆ ಪರೀಕ್ಷೆಗೆ ಒಳಗಾಗಬೇಕಾದ ಮೀಟರಿನಷ್ಟೇ ನಿಖರ. ಪರೀಕ್ಷಿಸುವ ಸಾಧನದ ತಪ್ಪು ಮೀಟರಿಗೆ ಅನುಮತಿಸಿರುವ ತಪ್ಪಿನ ನಾಲ್ಕನೆಯ ಒಂದು ಭಾಗವನ್ನು ಮೀರಬಾರದು ಎಂಬುದು ಕ್ಯಾಲಿಬ್ರೇಷನ್ (ಉಪಕರಣವನ್ನು ಹೆಚ್ಚು ನಿಖರವಾದ ಇನ್ನೊಂದರ ಜೊತೆ ಹೋಲಿಸಿ ನೋಡುವುದು) ಮಾಡುವವರು ಪಾಲಿಸಿಕೊಂಡು ಬಂದಿರುವ ನಿಯಮ. 10 ವೋಲ್ಟ್ ಅಳೆಯುವಾಗ ನಮ್ಮ ಮೀಟರಿಗೆ 70 ಮಿಲಿವೋಲ್ಟ್ ತಪ್ಪಲು ಅನುಮತಿಯಿದೆ. ಹಾಗಾದರೆ ನಮ್ಮ ರೆಫರೆನ್ಸು ಸುಮಾರು 17 ಮಿಲಿವೋಲ್ಟ್‌ಗಿಂತ ಹೆಚ್ಚು ತಪ್ಪಬಾರದು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಡಿ584 ಐಸಿಯ ಸಣ್ಣ ಬೋರ್ಡುಗಳು ಸಿಗುತ್ತವೆ. 2.5, 5, 7.5 ಮತ್ತು 10 ವೋಲ್ಟ್, ನಾಲ್ಕನ್ನೂ ಕೊಡುವ ಐಸಿ ಅದು. ಬೋರ್ಡಿನ ಜೊತೆಗೆ ಬಂದ ಚೀಟಿಯಲ್ಲಿ ನಾಲ್ಕೂ ವೋಲ್ಟೇಜುಗಳನ್ನು ದಶಮಾಂಶದ ಐದನೆಯ ಸ್ಥಾನದವರೆಗೆ ಕೈಯಲ್ಲಿ ಬರೆದಿದ್ದರು. ಇದನ್ನು ಅಳೆದವರು ಯಾರು, ಯಾವ ಮೀಟರಿನಿಂದ ಎಂದು ಅಂಗಡಿಯವರನ್ನು ಕೇಳಿದೆ. "ಅದು ಫ್ಯಾಕ್ಟರಿಯಿಂದಲೇ ಬರೆದು ಬರುತ್ತೆ ಸರ್, ನಾವು ಮುಟ್ಟಲ್ಲ" ಎಂದರು. ಪ್ರಾಮಾಣಿಕ ಉತ್ತರ, ಸುಳ್ಳು ಭರವಸೆ ಕೊಟ್ಟು ಮಾರಬಹುದಾಗಿದ್ದ ಜಾಗದಲ್ಲಿ ಅವರು ಹಾಗೆ ಮಾಡಲಿಲ್ಲ. ಆದರೆ ಐದು ದಶಮಾಂಶ ಸ್ಥಾನಗಳ ಆ ಚೀಟಿಯಲ್ಲಿ ದಿನಾಂಕವಿರಲಿಲ್ಲ, ಉಷ್ಣಾಂಶವಿರಲಿಲ್ಲ, ಅಳೆದ ಉಪಕರಣದ ಹೆಸರಿರಲಿಲ್ಲ. ಐಸಿಯ ದರ್ಜೆ ಜೆ ಆಗಿದ್ದರೆ ತಯಾರಕರ ಖಾತರಿ 10 ವೋಲ್ಟಿನಲ್ಲಿ 30 ಮಿಲಿವೋಲ್ಟ್‌ಗಳಷ್ಟೇ, ಅದು ನಮ್ಮ ಲೆಕ್ಕಕ್ಕೆ ಸಾಲದು. ಕೆ ದರ್ಜೆಯದಾದರೆ 10 ಮಿಲಿವೋಲ್ಟ್, ಅದು ಸಾಕು. ಲೋಹದ ಟೊಪ್ಪಿಗೆಯ ಮೇಲೆ ಅಚ್ಚಾದ ಅಕ್ಷರ ನಿಜವೇ, ಆ ಐಸಿ ಹೊಸದೇ ಅಥವಾ ಹಳೆಯ ಬೋರ್ಡಿನಿಂದ ಕಿತ್ತದ್ದೇ ಎಂಬುದಕ್ಕೆ ಯಾರೂ ಹೊಣೆಯಿಲ್ಲದಿರುವಾಗ ಅಕ್ಷರವನ್ನು ನಂಬಿ ಪ್ರಯೋಜನವಿಲ್ಲ.

ಎಲ್‌ಎಂ399 ಎಂಬ ರೆಫರೆನ್ಸ್ ಐಸಿ ಕೊಳ್ಳಿರಿ ಎಂದು ಸಲಹೆ ಕೊಟ್ಟ ಗೆಳೆಯರೊಬ್ಬರಿದ್ದಾರೆ. ತನ್ನೊಳಗೇ ಹೀಟರ್ ಇಟ್ಟುಕೊಂಡು, ಹೊರಗಿನ ಬಿಸಿಲು ಚಳಿಯನ್ನು ಲೆಕ್ಕಿಸದೆ ನಿಲ್ಲುವ ಅದ್ಭುತವಾದ ಜೀನರ್ (ನಿಗದಿತ ವೋಲ್ಟೇಜನ್ನು ಹಿಡಿದಿಡುವ ಡಯೋಡ್) ಅದು. ಆದರೆ ಅದರ ಹೆಸರಿನ ವೋಲ್ಟೇಜು 6.95 ವೋಲ್ಟ್ ಆಗಿದ್ದರೂ ಒಂದು ತುಂಡಿಗೂ ಇನ್ನೊಂದಕ್ಕೂ ಹಲವು ಶೇಕಡಾ ವ್ಯತ್ಯಾಸ ಇರಬಹುದು. ಸ್ಥಿರವಾಗಿರುವುದೇ ಬೇರೆ, ನಿಖರವಾಗಿರುವುದೇ ಬೇರೆ. ಪ್ರತಿದಿನವೂ ಒಂದೇ ವೋಲ್ಟೇಜು ಕೊಡುವ ವಸ್ತುವಿನ ವೋಲ್ಟೇಜು ಎಷ್ಟೆಂದು ಮೊದಲ ದಿನ ಯಾರಾದರೂ ಹೇಳಲೇಬೇಕು, ಹೇಳುವವರಿಗೆ ಆ ಅಧಿಕಾರ ಇನ್ನೆಲ್ಲಿಂದಲೋ ಬಂದಿರಬೇಕು. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ತೂಗುವ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕೆಂದು ರೈತನಿಗೆ ಗೊತ್ತಿದೆ, ಮುದ್ರೆಯಿಲ್ಲದಿದ್ದರೆ ಅವನು ಜಗಳಕ್ಕೆ ನಿಲ್ಲುತ್ತಾನೆ. ತಾಂತ್ರಿಕ ಶಿಕ್ಷಣ ಕೊಡುವ ನಾವು ನಮ್ಮ ವೋಲ್ಟ್‌ಮೀಟರುಗಳ ಬಗ್ಗೆ ಅಷ್ಟು ಎಚ್ಚರವನ್ನೂ ಕಲಿಸುತ್ತಿಲ್ಲ.

ಕೊನೆಗೆ ಅಧಿಕೃತ ವಿತರಕರಿಂದ ಆರ್‌ಇಎಫ್102 ಐಸಿಯ ಸಿ ದರ್ಜೆಯ ಒಂದು ತುಂಡನ್ನು ತರಿಸಿದೆ. ಎಸ್.ಪಿ. ರಸ್ತೆಯ ಬೋರ್ಡಿಗಿಂತ ದುಬಾರಿಯಾದರೂ ಒಂದು ಸಾಧಾರಣ ಮೀಟರಿನ ಬೆಲೆಯನ್ನು ಅದು ಮೀರಲಿಲ್ಲ. 10 ವೋಲ್ಟ್‌ಗೆ ಎರಡೂವರೆ ಮಿಲಿವೋಲ್ಟ್‌ಗಿಂತ ಹೆಚ್ಚು ತಪ್ಪುವುದಿಲ್ಲವೆಂದು ತಯಾರಕರ ಖಾತರಿಯಿದೆ. ಒಂದು ಡಿಗ್ರಿ ಸೆಲ್ಸಿಯಸ್ ಬದಲಾದರೆ ಹತ್ತು ಲಕ್ಷದಲ್ಲಿ ಎರಡೂವರೆ ಭಾಗಕ್ಕಿಂತ ಹೆಚ್ಚು ಬದಲಾಗುವುದಿಲ್ಲ. ಏಪ್ರಿಲ್ ತಿಂಗಳಿನಲ್ಲಿ ನಮ್ಮ ಪ್ರಯೋಗಾಲಯ ಹತ್ತು ಡಿಗ್ರಿ ಹೆಚ್ಚು ಕಾದರೂ ಕಾಲು ಮಿಲಿವೋಲ್ಟ್ ಸರಿಯಬಹುದು, ಅಷ್ಟೇ. ಸರಣಿಯಲ್ಲಿ ಜೋಡಿಸಿದ ಎರಡು 9 ವೋಲ್ಟ್ ಬ್ಯಾಟರಿಗಳಿಂದ ಅದು ನಡೆಯುತ್ತದೆ. ಸಣ್ಣ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಕೂರಿಸಿ, ಎರಡು ಟರ್ಮಿನಲ್ ಹೊರಗೆ ತಂದು, ಪೀಣ್ಯದ ಕಾರ್ಖಾನೆಯೊಂದರ ಮಾಪನ ವಿಭಾಗದಲ್ಲಿ ಕೆಲಸ ಮಾಡುವ ನಮ್ಮ ಹಳೆಯ ವಿದ್ಯಾರ್ಥಿಯ ಬಳಿಗೆ ಕಳುಹಿಸಿದ್ದೆ.

ಆ ಹುಡುಗ ಅದನ್ನು ಅಳೆದು ಗುರುವಾರ ಹಿಂದಿರುಗಿಸಿದ ರೀತಿ ನನಗೆ ಬಹಳ ಸಂತೋಷ ತಂದಿದೆ. ಅವನ ಬಳಿಯಿರುವುದು ಆರೂವರೆ ಅಂಕಿಯ ಮೀಟರು. ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ವರ್ಷಕ್ಕೊಮ್ಮೆ ಕ್ಯಾಲಿಬ್ರೇಟ್ ಆಗುವಂಥದ್ದು. ಅದರ ಪರದೆಯ ಮೇಲೆ ಐದು ದಶಮಾಂಶ ಸ್ಥಾನಗಳು ಕಾಣುತ್ತವೆ. ಆದರೂ ಅವನು ಚೀಟಿಯಲ್ಲಿ ಬರೆದದ್ದು 10.001 ವೋಲ್ಟ್ ಎಂದು ಮಾತ್ರ. ಅದರ ಕೆಳಗೆ ಅನಿಶ್ಚಿತತೆ ಅರ್ಧ ಮಿಲಿವೋಲ್ಟ್, ಕೊಠಡಿಯ ಉಷ್ಣಾಂಶ 24 ಡಿಗ್ರಿ, ಅಳೆದ ದಿನಾಂಕ, ಮೀಟರಿನ ಮುಂದಿನ ಕ್ಯಾಲಿಬ್ರೇಷನ್ ದಿನಾಂಕ. ಉಳಿದ ಅಂಕಿಗಳನ್ನೇಕೆ ಬಿಟ್ಟೆ ಎಂದು ಫೋನಿನಲ್ಲಿ ಕೇಳಿದಾಗ, "ಕಾಣ್ಸತ್ತೆ ಸರ್, ಆದ್ರೆ ಅದಕ್ಕೆ ನಾನು ಸೈನ್ ಹಾಕಕ್ಕಾಗಲ್ಲ" ಎಂದ. ಎಸ್.ಪಿ. ರಸ್ತೆಯ ಚೀಟಿಯನ್ನೂ ಇವನ ಚೀಟಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ಅಂಕಿಗಳು ಕಡಿಮೆಯಿರುವ ಚೀಟಿಯಲ್ಲಿಯೇ ಹೆಚ್ಚು ಸಂಗತಿಯಿತ್ತು.

ಅವನ ಮೀಟರಿನ ಹಿಂದೆ ಒಂದು ಪ್ರಯೋಗಾಲಯ, ಅದರ ಹಿಂದೆ ಇನ್ನೂ ಉತ್ತಮ ಉಪಕರಣ, ಹೀಗೆ ಸರಪಳಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರೆಗೆ ಹೋಗುತ್ತದೆ. 1893ರಲ್ಲಿ ಎಡ್ವರ್ಡ್ ವೆಸ್ಟನ್ ರೂಪಿಸಿದ ಪಾದರಸ ಮತ್ತು ಕ್ಯಾಡ್ಮಿಯಮ್ಮಿನ ಗಾಜಿನ ಸೆಲ್ಲು ದಶಕಗಳ ಕಾಲ ಲೋಕಕ್ಕೆ ವೋಲ್ಟಿನ ಆಧಾರವಾಗಿತ್ತು. ಅದನ್ನು ಅಲುಗಿಸಿದರೂ ವೋಲ್ಟೇಜು ಕದಲುತ್ತಿತ್ತು. 1962ರಲ್ಲಿ ಬ್ರಯನ್ ಜೋಸೆಫ್‌ಸನ್ ಮುಂಗಂಡ ಪರಿಣಾಮದಿಂದ ಆ ಅವಲಂಬನೆ ತಪ್ಪಿತು. ರೋಧವಿಲ್ಲದೆ ವಿದ್ಯುತ್ ಹರಿಸುವ ಅತಿಶೀತಲ ಸೂಪರ್‌ಕಂಡಕ್ಟರ್ ಸಂಧಿಗೆ ಮೈಕ್ರೋವೇವ್ ಹಾಯಿಸಿದರೆ ಹುಟ್ಟುವ ವೋಲ್ಟೇಜು ಆವರ್ತನವೊಂದನ್ನೇ ಅವಲಂಬಿಸುತ್ತದೆ, ವೋಲ್ಟೊಂದಕ್ಕೆ ಸುಮಾರು 483597.8 ಗಿಗಾಹರ್ಟ್ಸ್. 2019ರಿಂದ ಈ ಸಂಬಂಧ ಪ್ಲಾಂಕ್ ಸ್ಥಿರಾಂಕ ಮತ್ತು ಎಲೆಕ್ಟ್ರಾನಿನ ವಿದ್ಯುದಂಶಗಳ ನಿಗದಿತ ಮೌಲ್ಯಗಳಿಂದಲೇ ಬರುತ್ತದೆ. ತುಮಕೂರಿನ ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟರೆ ಅಲ್ಲಿಗೆ ತಲುಪಬೇಕಾಗುತ್ತದೆ. ಆ ದಾರಿಯನ್ನು ಮುಚ್ಚಿಬಿಡುವುದರಿಂದಲೇ "ಸರಾಸರಿ ಬರ್ಕೊಳಮ್ಮ" ಎಂಬ ಮಾತು ನನಗೆ ಅಷ್ಟೊಂದು ನೋವು ಕೊಟ್ಟದ್ದು.

ಶುಕ್ರವಾರ ಅವಳನ್ನೇ ಕರೆದು ಪೆಟ್ಟಿಗೆಯನ್ನು ಕೈಗೆ ಕೊಟ್ಟೆ. 12.38 ತೋರಿಸಿದ್ದ ಮೀಟರು 9.97 ಓದಿತು, 12.49 ತೋರಿಸಿದ್ದು 10.06, 12.61 ತೋರಿಸಿದ್ದು 10.16. ಮೊದಲೆರಡು ತಮ್ಮ ಮಿತಿಯೊಳಗಿದ್ದವು, ಮೂರನೆಯದು ಇರಲಿಲ್ಲ. ಅವಳು ತಾನೇ ಅನುಪಾತ ಹಾಕಿ ಮಂಗಳವಾರದ ಓದುಗಳನ್ನು ತಿದ್ದಿದಳು, ಮೂರೂ 12.41, 12.42ರ ಬಳಿ ಬಂದು ಕೂಡಿದವು. ಸರಾಸರಿಯ 12.49 ಅಲ್ಲಿಂದ ಎಷ್ಟೋ ದೂರದಲ್ಲಿತ್ತು, ಎಲ್ಲಕ್ಕಿಂತ ಕಡಿಮೆ ತೋರಿಸಿದ ಮೀಟರೇ ನಿಜಕ್ಕೆ ಹತ್ತಿರವಾಗಿತ್ತು. ಮೂರನೆಯದರ 9 ವೋಲ್ಟ್ ಬ್ಯಾಟರಿ ಬದಲಾಯಿಸಿದಾಗ ಅದು 10.03ಕ್ಕೆ ಇಳಿಯಿತು. ಒಳಗಿನ ಬ್ಯಾಟರಿ ಸೊರಗಿದಾಗ ಇಂಥ ಅಗ್ಗದ ಮೀಟರುಗಳು ಹೆಚ್ಚಿಗೆ ಓದುತ್ತವೆ. ಹಾಗಾಗಿ ಒಂದೇ ಸಮಯಕ್ಕೆ ಕೊಂಡ ಮೀಟರುಗಳ ಬ್ಯಾಟರಿಗಳೆಲ್ಲ ಒಟ್ಟಿಗೆ ಹಳತಾದರೆ ಎಲ್ಲವೂ ಒಂದೇ ದಿಕ್ಕಿಗೆ ತಪ್ಪುತ್ತವೆ, ಸರಾಸರಿಯೂ ಅವುಗಳ ಹಿಂದೆಯೇ ಹೋಗುತ್ತದೆ.

ಸಹೋದ್ಯೋಗಿ ಇದನ್ನೆಲ್ಲ ನಿಂತು ನೋಡಿದರು. ವಾದ ಮಾಡಲಿಲ್ಲ, ತಮ್ಮ ಚೀಲದಿಂದ ಸ್ವಂತ ಮೀಟರನ್ನು ತೆಗೆದು, "ಇದನ್ನೂ ಒಂದ್ಸಲ ಹಿಡಿದು ನೋಡಮ್ಮ" ಎಂದು ಅವಳಿಗೆ ಕೊಟ್ಟರು. ಅದು 10.01 ಓದಿತು.

10 ವೋಲ್ಟಿನ ಒಂದೇ ಬಿಂದುವಿನಲ್ಲಿ ಮಾಡಿದ ಈ ಪರೀಕ್ಷೆ 200 ಮಿಲಿವೋಲ್ಟ್ ರೇಂಜಿನ ಬಗ್ಗೆಯಾಗಲಿ, 230 ವೋಲ್ಟ್ ಎಸಿ ಬಗ್ಗೆಯಾಗಲಿ ಏನನ್ನೂ ಖಚಿತವಾಗಿ ಹೇಳುವುದಿಲ್ಲ ಎಂದು ಅವಳಿಗೆ ತಿಳಿಸಿದ್ದೇನೆ. ಕೆಳಗಿನ ರೇಂಜುಗಳಿಗಾಗಿ ಶೇ 0.1 ಟಾಲರೆನ್ಸಿನ (ಅದಕ್ಕಿಂತ ಹೆಚ್ಚು ತಪ್ಪದ) ರೆಸಿಸ್ಟರುಗಳಿಂದ, ವೋಲ್ಟೇಜನ್ನು ಭಾಗಿಸಿ ಕಡಿಮೆ ಮಾಡುವ ವೋಲ್ಟೇಜ್ ಡಿವೈಡರ್ ಮಾಡಿ ಅದೇ ಪೆಟ್ಟಿಗೆಗೆ ಸೇರಿಸುವುದು ಮುಂದಿನ ಕೆಲಸ. ಆಗ ಮೀಟರಿನ ಒಳರೋಧ ಆ ವೋಲ್ಟೇಜನ್ನು ಎಷ್ಟು ಕೆಳಗೆಳೆಯುತ್ತದೆ ಎಂಬ ಲೆಕ್ಕವನ್ನು ಅವಳೇ ಮಾಡುತ್ತಿದ್ದಾಳೆ. ಪೆಟ್ಟಿಗೆಯನ್ನು ಪ್ರತಿ ವರ್ಷ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೇ ಕಳುಹಿಸಿ ಪ್ರಮಾಣಪತ್ರ ತರಿಸಲು ಹಣ ಬೇಕೆಂದು ಪ್ರಾಂಶುಪಾಲರಿಗೆ ಶನಿವಾರ ಪತ್ರ ಬರೆದುಕೊಟ್ಟಿದ್ದೇನೆ. ಆ ಶುಲ್ಕ ಪೆಟ್ಟಿಗೆಯ ಖರ್ಚಿಗಿಂತ ಹೆಚ್ಚಾಗುತ್ತದೆ ಎಂಬುದನ್ನೂ ಪತ್ರದಲ್ಲಿ ಮುಚ್ಚಿಟ್ಟಿಲ್ಲ.